ಮನಿ ಅಂದರ ತಪ್ಪಂತ

ಲೇ ಸುಮಾ,

ನಾನು ವೈರ್ ಬೆಸೆದು, ನೀ ದನಿ ಕೊಟ್ಟು ಮಾಡಿದ ಅಕ್ಷರದ ಹಲಗಿ ಇವತ್ತು ಕಾಲೇಜಿನ ಪ್ರದರ್ಶನದಾಗ ಮಾತಾಡ್ತು. ನೋಡಾಕ ಬಂದಿದ್ದ ಸಣ್ಣ ಹುಡುಗಿ 'ಮ' ಒತ್ತಿದ್ಲು. "ಮ, ಮನಿ" ಅಂದಿ ನೀನು. ಆಕಿ ನಕ್ಕೋತ ಮತ್ತ ಮತ್ತ ಒತ್ತಿದ್ಲು.

ತೀರ್ಪುಗಾರರು ಮಾತ್ರ ಮುಖ ಸಿಂಡರಿಸಿದ್ರು. "ಮನಿ ಅಲ್ಲಮ್ಮ, ಮನೆ. ಮಕ್ಕಳು ತಪ್ಪು ಕಲಿತಾರೆ. ದನಿ ಬದಲಿಸಿದ್ರೆ ಮುಂದಿನ ಸುತ್ತಿಗೆ ಕಳಿಸ್ತೀವಿ."

"ಆಗಲ್ಲ ಸರ್."

"ಯಾಕೆ? ದನಿ ಕೊಟ್ಟ ಹುಡುಗೀನೇ ಕರೆಸಿ ಇನ್ನೊಮ್ಮೆ ಓದಿಸು."

ನೀ ಜ್ವರದಾಗ ತೀರಿಕೊಂಡಿದ್ದನ್ನ ಅಷ್ಟು ಮಂದಿ ಮುಂದ ಹೆಂಗ ಹೇಳಲಿ? ಹಲಗಿ ಎತ್ತಿಕೊಂಡು ಹೊರಗ ಬಂದೆ. ನಮ್ಮ ಮೇಷ್ಟ್ರು "ಎಂಥಾ ಹಠಮಾರಿ" ಅಂತ ಬೈದ್ರು. ಬೈಲಿ. ನಿನ್ನ ಮ್ಯಾಲೂ ಸಿಟ್ಟೈತಿ ನನಗ. ದವಾಖಾನಿಗೆ ನಡಿ ಅಂದ್ರ, "ಮೊದಲು ರೆಕಾರ್ಡಿಂಗ್ ಮುಗೀಲಿ" ಅಂದಿ. ನಾನೂ ಮೈಕ್ ಹಿಡಿದು ಕುಂತೆ.

ಹಲಗೀನ ನಿನ್ನೂರು ತೆಲಿಗಿಯ ಅಂಗನವಾಡಿಗೆ ಕೊಡಾಕ ಬಸ್ ಹತ್ತಿದೆ. ದಾರ್ಯಾಗ ಕಡೀ ಅಕ್ಷರ ಒತ್ತಿದೆ. "ಳ, ಮಳಿ" ಅಂದಿ. ಅದರ ಹಿಂದ ನೀ ಕೇಳಿದ್ದನ್ನ ನಾನು ಕತ್ತರಿಸದ ಬಿಟ್ಟಿದ್ದೆ: "ಚೊಲೋ ಬಂತೇನಲೇ ಕ್ರಾಂತಿ?"

"ಹ್ಞೂಂ, ಬಂತು" ಅಂದೆ, ಜೋರಾಗೇ. ಬಾಜೂಕ ಕುಂತ ಅಜ್ಜಿ ತಿರುಗಿ ನನ್ನ ಮುಖ ನೋಡಿದ್ಲು.