ಗೂಢಲಿಪಿಯ ಹೊತ್ತಿಗೆ ಮತ್ತು ಅದನ್ನು ಬರೆಯದ ಯೋಗಿ

ಹುನಗುಂದ, ೧೯೫೮

ಮಾನ್ಯ ಹಸ್ತಪ್ರತಿ ಅಧಿಕಾರಿಗಳೇ,

ತಾವು ಬಾಗಲಕೋಟೆಯ ಕಚೇರಿಯಲ್ಲಿ ಬೀಗ ಹಾಕಿಟ್ಟುಕೊಂಡಿರುವ ಗೂಢಲಿಪಿಯ ಹೊತ್ತಿಗೆಯನ್ನು ಬರೆದವಳು ಇಳಕಲ್ಲಿನ ರಂಜಾನಬಿ. ತಾವೋ, ಅದು ನಾನೂರು ವರ್ಷ ಹಿಂದಿನ 'ಅಜ್ಞಾತ ಯೋಗಿ'ಯದೆಂದು ಕಿರುಪುಸ್ತಿಕೆ ಅಚ್ಚು ಹಾಕಿಸಿ ಊರೂರಿಗೆ ಹಂಚಿದ್ದೀರಿ. ಬರೆದವಳು ಇಳಕಲ್ಲಿನಲ್ಲಿ ರೊಟ್ಟಿ ಬಡಿಯುತ್ತ ಕೂತಿರುವಾಗ, ಬರೆಯದ ಯೋಗಿಯನ್ನು ಹುಡುಕಿಕೊಂಡು ಬಾದಾಮಿಯ ಗುಡ್ಡ ಹತ್ತುವ ಕಷ್ಟ ತಮಗೇಕೆ ಬೇಕಿತ್ತು? ಆಕೆ ಮುಸಲ್ಮಾನಳು, ಹೆಂಗಸು, ಸಾಲದ್ದಕ್ಕೆ ಜೀವಂತ ಇದ್ದಾಳೆ. ಈ ಮೂರರಲ್ಲಿ ಯಾವುದು ತಮ್ಮ ನಿಯಮಕ್ಕೆ ಅಡ್ಡ ಬಂತೆಂದು ತಿಳಿಸಿದರೆ ಉಪಕಾರವಾದೀತು.

ನಾನು ಹುನಗುಂದದ ಕಚೇರಿಯ ಎದುರು ಜನರಿಗೆ ಅರ್ಜಿ ಬರೆದುಕೊಡುವವನು. ನನ್ನ ಬರಹಕ್ಕೆ ಹೆಬ್ಬೆಟ್ಟು ಬೇರೆಯವರದು. ಆದ್ದರಿಂದ ಕರ್ತೃತ್ವದ ಪ್ರಶ್ನೆಯಲ್ಲಿ ಮಾತಾಡಲು ನನಗೂ ಒಂದಿಷ್ಟು ಅಧಿಕಾರವಿದೆಯೆಂದು ನಂಬಿದ್ದೇನೆ.

ರಂಜಾನಬಿ ನಾಗೇಶಿ ಹಾಡುವವಳು. ತಾವು ಮೈಸೂರು ಕಡೆಯವರು, ಏಕೀಕರಣವಾದ ಮೇಲೆ ನಮ್ಮ ಪಾಲಿಗೆ ಬಂದವರು. ಹೀಗಾಗಿ ಬಿಡಿಸಿ ಹೇಳುತ್ತೇನೆ. ಹರದೇಶಿ ಮೇಳದವರು ಗಂಡೇ ಹೆಚ್ಚೆಂದು ಹಾಡಿ ಪ್ರಶ್ನೆ ಎಸೆಯುತ್ತಾರೆ. ನಾಗೇಶಿಯವರು ಹೆಣ್ಣೇ ಹೆಚ್ಚೆಂದು ಉತ್ತರ ಹಾಡುತ್ತಾರೆ. ಉತ್ತರ ಹೊಳೆಯದವರು ಸೋತಂತೆ. ಎದುರಿನ ಮೇಳದವರು ಹಾಡು ಕದ್ದು ಓದಿಕೊಂಡು ಬಂದಾರೆಂದು ರಂಜಾನಬಿ ತನ್ನ ಉತ್ತರಗಳನ್ನು ಗುಟ್ಟಾಗಿ ಬರೆದಳು. ಒಂದೊಂದು ಅಕ್ಷರಕ್ಕೆ ಒಂದೊಂದು ಚಿತ್ರ: ಗಿಳಿ, ಮೊರ, ಕುಡಗೋಲು, ಒನಕೆ. ತಮ್ಮ ಪುಸ್ತಿಕೆಯಲ್ಲಿ ಗಿಳಿ ಜೀವಾತ್ಮವಾಗಿದೆ, ಮೊರ ವಿವೇಕವಾಗಿದೆ. ಒನಕೆ ಏನೆಂದು ತಿಳಿಯದೆ 'ಮುಂದಿನ ಸಂಶೋಧನೆಗೆ' ಬಿಟ್ಟಿದ್ದೀರಿ. ಒನಕೆ ಕಾಣಬೇಕಾದರೆ ಅಡುಗೆಮನೆಗೆ ಇಳಿಯಬೇಕಾಗುತ್ತದೆ, ಅದು ತಮ್ಮ ಅಂತಸ್ತಿಗೆ ಹೊಂದದು.

ಹಾಳೆಗಳ ಕಪ್ಪು ಬಣ್ಣ ನೋಡಿ ನಾನೂರು ವರ್ಷ ಎಂದಿರಿ. ಸ್ವಾಮೀ, ಆ ಹೊತ್ತಿಗೆ ಇದ್ದದ್ದು ಒಲೆಯ ಮೇಲಿನ ಅಟ್ಟದಲ್ಲಿ. ಅದೇ ಲೆಕ್ಕದಲ್ಲಿ ಆಕೆಯ ಬೇಳೆ ಡಬ್ಬಿ ಪುಲಿಕೇಶಿಯ ಕಾಲದ್ದಾಗಬೇಕು. ಹಳೆಯ ಕಟ್ಟುಗಳನ್ನು ಕೂಡಿಹಾಕಲು ಬಂದ ತಮ್ಮ ಜನ 'ನೋಡಿ ಕೊಡುತ್ತೇವೆ' ಎಂದು ಒಯ್ದವರು, ಇನ್ನೂ ನೋಡುತ್ತಲೇ ಇದ್ದಾರೆ.

ಆಕೆ ತಕರಾರು ಎತ್ತಿದಾಗ ತಾವು ವಿಚಾರಣೆಗೆ ಕರೆಸಿದಿರಿ. ಅರ್ಜಿ ನನ್ನದಾದ್ದರಿಂದ ನಾನೂ ಜೊತೆಗಿದ್ದೆ. ತಾವು ಹೊತ್ತಿಗೆ ಮುಂದಿಟ್ಟು "ಓದಮ್ಮ, ನಮಗೆ ಪುರಸೊತ್ತಿಲ್ಲ" ಎಂದಿರಿ.

ಆಕೆ ಕೇಳಿದಳು: "ಪ್ರಶ್ನಿ ಯಾರ ಹಾಡ್ತೀರಿ?"

ತಾವು ಹುಬ್ಬೇರಿಸಿದಿರಿ.

"ಇದರಾಗ ಬರೇ ಉತ್ತರ ಅದಾವ್ರಿ ಸಾಹೇಬ್ರ. ಪ್ರಶ್ನಿ ಕಿವಿಗೆ ಬಿದ್ರನ ಉತ್ತರ ನಾಲಿಗಿಗೆ ಬರ್ತೈತಿ. ಕೇಳದವರಿಗೆ ಉತ್ತರ ಕೊಡಾಕ ನಾ ಏನ್ ಹುಚ್ಚಿ ಏನ್ರಿ?"

ತಮ್ಮ ಷರಾ ಹೀಗಿತ್ತು: 'ಓದಲು ಅಸಮರ್ಥಳು.' ನಾನು ಸಾವಿರಾರು ಅರ್ಜಿ ಬರೆದವನು, ಷರಾಗಳಿಗೆ ಹೆದರಿದವನಲ್ಲ. ಆದರೆ ಅಂದು ಬಸ್ಸಿನಲ್ಲಿ ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತದ್ದನ್ನು ನೋಡಿ, ಪ್ರಶ್ನೆ ಹಾಡುವವನನ್ನು ಹುಡುಕಲೇಬೇಕೆಂದು ಹೊರಟೆ.

ಪ್ರಶ್ನೆ ಬಲ್ಲವನು ಒಬ್ಬನೇ ಉಳಿದಿದ್ದಾನೆ: ಐಹೊಳೆಯ ಹನಮಪ್ಪ, ಆಕೆಯ ಎದುರು ಹರದೇಶಿ ಹಾಡುತ್ತಿದ್ದವನು. ಚೊಳಚಗುಡ್ಡದ ಜಾತ್ರೆಯಲ್ಲಿ ಆಕೆಗೆ ಸೋತಂದಿನಿಂದ ಆಕೆಯೊಡನೆ ಮಾತು ಬಿಟ್ಟವನು. ನಾನು ಹೋಗಿ ಸಾಕ್ಷಿ ಹೇಳೆಂದು ಕೇಳಿದೆ. ಉರಿದುಬಿದ್ದ.

"ಆಕಿ ಬರದಾಳಂತ ಹೇಳಿದ್ರ ನಾ ಸೋತೇನಂತ ಹೇಳಿದಂಗ ಆತಲ್ರಿ! ಹೆಣ್ಣಮಗಳಿಗೆ ಸೋತ್ಯಾ ಅಂತ ಮಂದಿ ನಕ್ಕಾಗ ನಾನ ಹೇಳಿದ್ದೆ, ಆಕೀ ಪದಾ ಆಕೀವಲ್ಲ, ಗುಡ್ಡದಾಗ ಒಬ್ಬ ಯೋಗಿ ಬರದ ಕೊಡ್ತಾನ ಅಂತ."

ತಮ್ಮ ಪುಸ್ತಿಕೆಯಲ್ಲಿ 'ಈ ಭಾಗದ ಪ್ರಾಚೀನ ಜನಶ್ರುತಿ' ಎಂದಿರುವುದು ಇದೇ ಅಲ್ಲವೇ? ಸೋತ ಗಂಡಸೊಬ್ಬ ಮುಖ ಉಳಿಸಿಕೊಳ್ಳಲು ಹುಟ್ಟಿಸಿದ ಯೋಗಿಗೆ ತಾವು ಗುಹೆ ಕೊಟ್ಟಿರಿ, ಶತಮಾನ ಕೊಟ್ಟಿರಿ, ಶಿಷ್ಯಪರಂಪರೆಯನ್ನೂ ಕೊಟ್ಟಿರಿ. ಹನಮಪ್ಪ ಸಹ ಇಷ್ಟು ಚಂದ ಸುಳ್ಳು ಹೇಳಿರಲಿಲ್ಲ.

ಪುಸ್ತಿಕೆಯನ್ನು ಅವನಿಗೆ ಓದಿ ಹೇಳಿದೆ. ಯೋಗಿಯ ಭಾಗಕ್ಕೆ ನಕ್ಕ. ಆಮೇಲೆ, "ನನ್ನ ಪ್ರಶ್ನಿ ಎಲ್ಲಿ ಬರದಾರ?" ಎಂದ. ಎಲ್ಲೂ ಇಲ್ಲ ಎಂದೆ. "ಹಂಗಾದ್ರ ನಾ ಹಾಡೇ ಇಲ್ಲೇನ್ರಿ?" ಎಂದ. ಮರುವಾರ ಏದುಸಿರು ಬಿಡುತ್ತ ತಾನೇ ಬಾಗಲಕೋಟೆಗೆ ಬಂದ. ರಂಜಾನಬಿಯನ್ನು ನಾನು ಕರೆತಂದಿದ್ದೆ.

ತಾವು ಅಂದು ಯಾರೋ ದೊಡ್ಡವರಿಗೆ ಬಾದಾಮಿ ತೋರಿಸಲು ಹೋಗಿದ್ದಿರಿ. ತಮ್ಮ ಕಚೇರಿಯ ಕಟ್ಟೆಯ ಮೇಲೆಯೇ ಹನಮಪ್ಪ ದನಿ ಎತ್ತಿದ: "ಬೀಜ ನಂದು, ಬೆಳಿ ಹೆಂಗ ನಿಂದಾತ ಹೇಳ?" ರಂಜಾನಬಿ, ಗುಮಾಸ್ತರು ತೆರೆದು ಹಿಡಿದ ಹೊತ್ತಿಗೆಯ ಮೇಲೆ ಬೆರಳಿಟ್ಟು ತಕ್ಷಣ ಉತ್ತರ ಕೊಟ್ಟಳು: "ಹಗೇದಾಗ ಇಟ್ಟ ಬೀಜ ಎಂದ ಮೊಳತೀತೋ, ಮಣ್ಣ ಮುಟ್ಟದ ಹಾಂಗ?" (ಹಗೇವೆಂದರೆ ನಮ್ಮಲ್ಲಿ ಕಾಳು ತುಂಬಿಡುವ ನೆಲಗುಂಡಿ.) ಗಿಳಿ, ಮೊರ, ಒನಕೆ ಒಂದೂ ತಪ್ಪಲಿಲ್ಲ. ಗುಮಾಸ್ತರು ಫೈಲು ಮುಚ್ಚಿ ಕೇಳಿದರು, ಒಬ್ಬರಂತೂ ತಾಳ ಹಾಕಿದರು. ದಾಖಲಿಸಿಕೊಳ್ಳಿ ಎಂದಾಗ ಮಾತ್ರ ಎಲ್ಲರಿಗೂ ಸಾಹೇಬರ ನೆನಪಾಯಿತು. ಕೆಮ್ಮು ಹೆಚ್ಚಾಗಿ ಹನಮಪ್ಪ ನಾಲ್ಕನೆಯ ಹಾಡಿಗೆ ನಿಲ್ಲಿಸಿದ. ಈಗ ಹಾಸಿಗೆ ಹಿಡಿದಿದ್ದಾನೆ.

ಹೊತ್ತಿಗೆಯ ತುಂಬ ಉತ್ತರಗಳಿವೆ. ಅವುಗಳ ಪ್ರಶ್ನೆಗಳೆಲ್ಲ ಐಹೊಳೆಯ ಆ ಒಂದು ಹಾಸಿಗೆಯ ಮೇಲಿವೆ. ತಾವು ಇನ್ನಷ್ಟು ತಡ ಮಾಡಿದರೆ ತಮ್ಮ ಪುಸ್ತಿಕೆ ಹೇಳುವುದೇ ನಿಜವಾಗುತ್ತದೆ, ಯಾರಿಗೂ ಓದಲು ಬಾರದ ಹೊತ್ತಿಗೆ ಎಂಬುದು. ಆದ್ದರಿಂದ ನನ್ನ ಒತ್ತಾಯವಿಷ್ಟೆ: ಈ ವಾರವೇ ಹೊತ್ತಿಗೆ ಹಿಡಿದು, ಬರೆದುಕೊಳ್ಳುವವನೊಬ್ಬನನ್ನು ಕರೆದುಕೊಂಡು ತಾವು ಖುದ್ದಾಗಿ ಐಹೊಳೆಗೆ ಬನ್ನಿ. ಇಬ್ಬರನ್ನೂ ಕೂರಿಸಿ ಬರೆಸಿಕೊಳ್ಳಿ. ಯೋಗಿಯ ಹೆಸರು ತೆಗೆದು ರಂಜಾನಬಿಯ ಹೆಸರು ಹಾಕಿ.

ಕೊನೆಯ ಮಾತಿಗೆ ಆಕೆ ಒಪ್ಪಲಿಲ್ಲ. ಅರ್ಜಿ ಓದಿ ಹೇಳಿದಾಗ ನನ್ನನ್ನು ತಡೆದಳು: "ನನ್ನ ಹೆಸರ ಆಮ್ಯಾಲ ಹಾಕ್ಲಿ, ಬಿಡ್ಲಿ. ಮದಲ ಆ ಮುದುಕನ ಪ್ರಶ್ನಿ ಬರಕೊಳ್ಳಾಕ ಹೇಳ್ರಿ. ಅಂವಾ ಹ್ವಾದಮ್ಯಾಲ ನಾ ಯಾರಿಗೆ ಉತ್ತರ ಕೊಡ್ಲಿ?"

ಇಂತಿ,
'ತಮ್ಮ ವಿಧೇಯ' ಎಂದು ಬರೆಯಲು ಈ ಸಲ ಕೈ ಏಳದ,
ವಾಸುದೇವ,
ಅರ್ಜಿ ಬರೆಯುವವ, ಹುನಗುಂದ