ಕ್ರೋಟನ್ ಗಿಡಕ್ಕೆ ದೀಪ

ಪಣಂಬೂರು
೧೨ ಮೇ ೧೯೫೮

ಮಾನ್ಯ ಚಿತ್ತರಂಜನ ಶೆಟ್ಟರಿಗೆ ಲಿಗೋರಿ ಮಾಸ್ತರನ ನಮಸ್ಕಾರಗಳು.

ರಜೆಗೆಂದು ನಮಗೆ ಬಾಡಿಗೆಗೆ ಕೊಟ್ಟ ಈ ಹಳೇ ಹುಲ್ಲಿನ ಮನೆಗೆ ಹಂಚು ಹಾಕಿಸಿ ಬಹಳ ಚಂದ ಮಾಡಿಸಿದ್ದೀರಿ. ಈಗಿನ ಬಚ್ಚಲುಮನೆ ಮೊದಲು ದನದ ಹಟ್ಟಿಯಾಗಿತ್ತೆಂದು ಯಾರಿಗೂ ಗೊತ್ತಾಗದು. ರಜೆ ಮುಗಿಯುತ್ತ ಬಂದರೂ ಮಕ್ಕಳು ಸಮುದ್ರ ಬಿಟ್ಟು ಬರುವುದಿಲ್ಲ.

ಒಂದು ವಿಷಯ ಮಾತ್ರ ನಮಗೆ ಅರ್ಥವಾಗುತ್ತಿಲ್ಲ. ದಿನಾ ಸಂಜೆ ಅಪ್ಪಿ ಎಂಬ ಮುದುಕಿ ಬಂದು ಅಂಗಳ ಗುಡಿಸುತ್ತಾಳೆ. ನೀವು ಗೊತ್ತುಮಾಡಿದ ಕೆಲಸದವಳೆಂದು ತಿಳಿದು ನನ್ನ ಹೆಂಡತಿ ಬೆನಿಟಾ ಪಾತ್ರೆಗಳನ್ನೂ ತೋರಿಸಿದಳು. ಅವಳು ಅವನ್ನೂ ತೊಳೆದಿಟ್ಟಳು. ಆಮೇಲೆ ತುಳಸಿಕಟ್ಟೆಯಲ್ಲಿ ನೀವು ನೆಡಿಸಿದ ಕ್ರೋಟನ್ ಗಿಡದ ಬುಡದಲ್ಲಿ ದೀಪವಿಟ್ಟು, ಕೈಮುಗಿದು ಹೋಗುತ್ತಾಳೆ. ನಮ್ಮ ಜಪಮಾಲೆಯ ಪ್ರಾರ್ಥನೆಯೂ ಅದೇ ಹೊತ್ತಿಗೆ. ಹಾಗಾಗಿ ನಾವು ಕೇಳಲು ಹೋಗಲಿಲ್ಲ.

ನಿನ್ನೆ ದೊಡ್ಡ ಮಗಳು, "ಕ್ರೋಟನಿಗೆ ಎಂತಕ್ಕೆ ದೀಪ?" ಎಂದು ಕೇಳಿಯೇಬಿಟ್ಟಳು.

"ಗಿಡ ಯಾವುದಾದರೆ ಎಂತ ಮಗಾ, ಕಟ್ಟೆ ನನ್ನ ಗಂಡ ಕಟ್ಟಿದ್ದಲ್ವಾ?" ಎಂದಳು.

ಅವಳು ನಲವತ್ತು ವರ್ಷ ಇದೇ ಮನೆಯಲ್ಲಿ ನಿಮ್ಮ ಒಕ್ಕಲಾಗಿದ್ದಳಂತೆ. ರಿಪೇರಿ ಮುಗಿಯುವವರೆಗೆ ತಮ್ಮನ ಮನೆಯಲ್ಲಿರು ಎಂದು ನೀವೇ ಕಳಿಸಿದ್ದಂತೆ. ನಿಮ್ಮ ಕಾಗದದಲ್ಲಿ ಇದೊಂದೂ ಇರಲಿಲ್ಲ. ತಪ್ಪು ತಿಳಿದವರು ಅವಳೋ ನಾವೋ ಎಂದು ತೋಚುತ್ತಿಲ್ಲ.

ಬೆನಿಟಾ ಇವತ್ತು ಅವಳಿಗೆ ಪಾತ್ರೆ ಮುಟ್ಟಲು ಬಿಡಲಿಲ್ಲ. ಹೊರಡುವಾಗ ಅವಳು ಮೆಲ್ಲಗೆ, "ಬಾಯಮ್ಮಾ, ರಿಪೇರಿ ಇನ್ನು ಎಷ್ಟು ದಿನ ಉಂಟು?" ಎಂದು ಕೇಳಿದಳು.

ಶನಿವಾರ ನಾವು ಹೊರಡುತ್ತೇವೆ. ಬೀಗದ ಕೈ ಯಾರಿಗೆ ಕೊಡಬೇಕೆಂದು ದಯವಿಟ್ಟು ಅದರೊಳಗೆ ತಿಳಿಸಿ.

ಇತಿ ನಿಮ್ಮ,
ಲಿಗೋರಿ ಸಿಕ್ವೇರಾ