ಅತ್ತೆಗೆ ಹಾಕಿದ ಟ್ಯೂಬ್

ಮಾರ್ಚ್ 4, ಬೆಳಿಗ್ಗೆ
ಆಸ್ಪತ್ರೆಯಲ್ಲಿ ಮತ್ತೆ ಅದೇ. ಟ್ಯೂಬಿಗೆ ನೀರು ಹಾಯಿಸಿ, ಹಾಲಿನಂಥ ಆಹಾರದ ಚೀಲ ನೇತುಹಾಕಿದ್ದಾಯಿತು. ಅತ್ತೆಯ ಮೇದೋಜೀರಕ ಗ್ರಂಥಿ ಊದಿಕೊಂಡಿದೆ, ಬಾಯಿಂದ ಏನೂ ಕೊಡುವ ಹಾಗಿಲ್ಲ. ಅದಕ್ಕೇ ಸರ್ಜನ್ ಹೊಟ್ಟೆ ಕೊಯ್ದು ನೇರ ಕರುಳಿಗೇ ಟ್ಯೂಬ್ ಹೊಲಿದಿದ್ದಾರೆ. ಕೆಲವೇ ವಾರಕ್ಕೆ. ಸಣ್ಣ ಆಪರೇಷನ್ ಅಂತೆ. ನಿನ್ನ ಅಡುಗೆಗಿಂತ ಇದೇ ವಾಸಿ, ರುಚಿ ನೋಡುವ ಕಷ್ಟವಿಲ್ಲ ಎಂದರು ಅತ್ತೆ. ಆ ನಾಲಿಗೆಗೆ ಮಾತ್ರ ಕಾಯಿಲೆಯಿಲ್ಲ.

ಮಾರ್ಚ್ 5
ಮಗ್ಗುಲು ಬದಲಿಸುವಾಗ ಟ್ಯೂಬ್ ಗೇಣುದ್ದ ಹೊರಗೆ ಬಂತು. ಡ್ಯೂಟಿ ಡಾಕ್ಟರ್ ಒಳಗೆ ತಳ್ಳಿ ಟೇಪ್ ಅಂಟಿಸಿದರು. ತುದಿ ಎಲ್ಲಿದೆಯೆಂದು ನೋಡಲು ಎಕ್ಸ್‌ರೇ ಬೇಡವಾ ಎಂದು ಕೇಳಿದೆ. ಬೇಡವಂತೆ. ಚೀಲ ಮತ್ತೆ ಹರಿಯಬಿಟ್ಟರು. ಸಂಜೆ ಅತ್ತೆಗೆ ಹೊಟ್ಟೆಯೆಲ್ಲ ಉರಿ. ವಯಸ್ಸಾದವರು ಹಾಗೇ ಎಂದಳು ನರ್ಸ್. ಹಲ್ಲು ಕೀಳಿಸುವಾಗಲೂ ಉಸಿರೆತ್ತದ ಹೆಂಗಸು ಇವರು…

ಮಾರ್ಚ್ 9
ಬರೆಯಲು ಕೈ ಏಳಲಿಲ್ಲ. ಟ್ಯೂಬಿನ ತುದಿ ಕರುಳಿನಿಂದ ಜಾರಿತ್ತು. ಹಾಕಿದ್ದೆಲ್ಲ ಹೊಟ್ಟೆಯೊಳಗೆ ಸೋರಿ ಕೀವು. ಮತ್ತೆ ಕೊಯ್ದರು, ತೊಳೆದರು, ಟ್ಯೂಬ್ ತೆಗೆದು ಕರುಳು ಹೊಲಿದರು. ಐಸಿಯು. ಹೀಗಾಗಬಹುದೆಂದು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ನೂರರಲ್ಲಿ ಕೆಲವರಿಗೆ ಆಗುತ್ತೆ ಎಂದರು ಸರ್ಜನ್. ಆ ಕೆಲವರಿಗೆ ಮನೆಯವರು ಇರುವುದಿಲ್ಲವೇ? ನನ್ನ ಯಜಮಾನರು, ಹೆತ್ತ ಮಗ, ಗೋಡೆ ನೋಡುತ್ತ ನಿಂತಿದ್ದರು.

ಮಾರ್ಚ್ 13
ಮತ್ತೆ ಟ್ಯೂಬ್ ಹಾಕಲು ಹೊಟ್ಟೆಗೆ ಹೊಸ ತೂತು ಬೇಕಂತೆ. ಆಗುವುದಿಲ್ಲ ಎಂದೆ. ಬೇರೆ ದಾರಿ ಹುಡುಕುವ ತನಕ ಕದಲಲಿಲ್ಲ. ಕೊನೆಗೆ ಕೆಳಗಿನ ಮಹಡಿಯಿಂದ ಎಂಡೋಸ್ಕೋಪಿ ಡಾಕ್ಟರ್ ಬಂದರು. ಕೆಲವು ವಾರಕ್ಕಾದರೆ ಮೂಗಿನಿಂದಲೇ ಸಪೂರ ಟ್ಯೂಬ್, ಕ್ಯಾಮೆರಾದಲ್ಲಿ ನೋಡುತ್ತ ಕರುಳಿನವರೆಗೆ ಇಳಿಸಬಹುದಂತೆ. ಅದೂ ಜಾರಬಹುದು, ಕಟ್ಟಿಕೊಳ್ಳಬಹುದು. ಆದರೆ ಕೊಯ್ಯಬೇಕಿಲ್ಲ.
"ಮೊದ್ಲೇ ಯಾಕೆ ಹಾಕ್ಲಿಲ್ಲ ಮೇಡಂ?"
"ನನ್ನ ಯಾರೂ ಕೇಳ್ಲಿಲ್ಲಮ್ಮ."
ಒಂದು ಮಹಡಿ ಇಳಿದು ಕೇಳಲು ಆ ಸರ್ಜನ್ ಕಾಲು ಸವೆಯುತ್ತಿತ್ತೇ?
ಮಧ್ಯಾಹ್ನದೊಳಗೆ ಹಾಕಿ ಮುಗಿಸಿದರು. ಎಕ್ಸ್‌ರೇ ನೋಡಿದ ಮೇಲೇ ಚೀಲ.

ಮಾರ್ಚ್ 20
ವಾರ್ಡಿಗೆ ಬಂದಿದ್ದೇವೆ. ಸರ್ಜನ್ ರೌಂಡ್ಸಿಗೆ ಬಂದು, ಎಲ್ಲ ಸುಸೂತ್ರವಾಯಿತಲ್ಲ ಎಂದು ನಕ್ಕರು. ಡಾಕ್ಟರೆಂದರೆ ಮಲಗಿದಲ್ಲೇ ಕೈಮುಗಿಯುವ ಅತ್ತೆ ಇವತ್ತು ಕೈ ಮುಗಿಯಲಿಲ್ಲ.
"ನಂಗೆ ಮೂಗು ಮೊದ್ಲೂ ಇತ್ತಲ್ಲ, ಡಾಕ್ಟ್ರೇ" ಎಂದರು, ಮೆಲ್ಲಗೆ.
ಸರ್ಜನ್ ಹೊರಡಲು ತಿರುಗಿದರು. ಕುರ್ಚಿ ಎಳೆದು ಎದುರಿಗಿಟ್ಟೆ. ಕೂತು ಉತ್ತರ ಹೇಳಿ ಎಂದೆ. ಕೂತರು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಕೆಳಗಿನ ಮಹಡೀಲಿ ಮೊದ್ಲೇ ಕೇಳ್ಬೇಕಿತ್ತಮ್ಮ, ಕೇಳ್ಲಿಲ್ಲ" ಎಂದರು ಅತ್ತೆಗೆ.